ಕ್ಯಾನು ಸಾಲಿನಲ್ಲಿ ನಿಂತಷ್ಟು ಹೊತ್ತು

ನಮ್ಮೂರಿನ ಗ್ರಂಥಾಲಯಕ್ಕೆ ಜನ ಬರುತ್ತಿದ್ದುದು ಪುಸ್ತಕದ ಆಸೆಗಲ್ಲ, ಅದು ಹಾಲಿನ ಡೈರಿಯ ಪಕ್ಕದಲ್ಲಿತ್ತು ಅನ್ನುವ ಕಾರಣಕ್ಕೆ. ಎಷ್ಟೋ ವರ್ಷ ಅದರ ಮೇಲ್ವಿಚಾರಕನಾಗಿದ್ದವನು ನಾನು, ಸುಳ್ಳು ಹೇಳಿ ಏನಾಗಬೇಕಿದೆ? ದೊಡ್ಡಬಳ್ಳಾಪುರದ ಕಡೆಯ ಮಧುರೆಯಿಂದ ಒಳಕ್ಕಿರುವ ಸಣ್ಣ ಊರು. ಸಂಜೆಯಾದರೆ ಡೈರಿಯ ಮುಂದೆ ಕ್ಯಾನುಗಳ ಸಾಲು. ಮನುಷ್ಯರು ನಿಲ್ಲಬೇಕಿರಲಿಲ್ಲ, ಕ್ಯಾನು ಇಟ್ಟರೆ ಜಾಗ ಹಿಡಿದಂತೆ. ಯಾರ ಕ್ಯಾನನ್ನೂ ಯಾರೂ ಹಿಂದಕ್ಕೆ ತಳ್ಳುತ್ತಿರಲಿಲ್ಲ. ಹಾಲು ಅಳೆಯುವವನು ಬರುವ ತನಕ ಗಂಡಸರು ನನ್ನ ಬಳಿ ಬಂದು, ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದುತ್ತಿದ್ದರು. ಊರಿನ ಅರ್ಧ ಜಗಳ ಅಲ್ಲೇ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು.

ಹೆಂಗಸರು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಒಳಗೆ ಬರುತ್ತಿದ್ದವಳು ಒಬ್ಬಳೇ. ಜಡಿಗೇನಹಳ್ಳಿ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ಹುಡುಗಿ. ದಪ್ಪನೆಯ ಒಂದು ಕಾದಂಬರಿ ಆರಿಸಿಕೊಂಡಿದ್ದಳು. ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕಿಟಕಿಯ ಪಕ್ಕ ನಿಂತು, ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ತನ್ನ ಕ್ಯಾನಿನ ಮೇಲೆ. ಸರದಿ ಬಂದ ಕೂಡಲೇ ಹಾಲಿನ ಚೀಟಿಯೊಂದನ್ನು ಪುಟದ ನಡುವೆ ಸಿಕ್ಕಿಸಿ ಓಡುತ್ತಿದ್ದಳು. ದಿನಕ್ಕೆ ನಾಲ್ಕು ಪುಟ, ಹೆಚ್ಚೆಂದರೆ ಐದು.

"ಅಣ್ಣ, ಒಂದು ರಾತ್ರಿಗೆ ಕೊಡಿ. ಬೆಳಿಗ್ಗೆ ಹಾಲು ತರುವಾಗ ತಂದ್ಕೊಡ್ತೀನಿ."

"ಮೆಂಬರ್ ಆಗ್ದೆ ಕೊಡಕ್ಕಾಗಲ್ಲ ಕಣಮ್ಮ. ನಿಮ್ಮ ಮಾವನ ಕೈಲಿ ಒಂದು ಸೈನ್ ಹಾಕಿಸ್ಕೊಂಡು ಬಾ."

ಮಾವ ಸೈನ್ ಹಾಕಲಿಲ್ಲ. ಹಾಕುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಪುಸ್ತಕ ಕಳೆದರೆ ನನ್ನ ತಲೆಗೆ ಬರುತ್ತದೆ ಅನ್ನುವ ಭಯ ನನಗೆ. ಹೊಸ ಪುಸ್ತಕ ಬಂದರೆ ಜನರ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ಮಹಾನುಭಾವ ನಾನು. ಅದನ್ನೇ ಜವಾಬ್ದಾರಿ ಅಂದುಕೊಂಡಿದ್ದೆ.

ಆಮೇಲೆ ಊರ ಸುತ್ತ ಲೇಔಟುಗಳು ಬಂದವು. ಹೊಲ ಹೋದ ಮೇಲೆ ಮೇವೆಲ್ಲಿಯದು? ಕ್ಯಾನುಗಳ ಸಾಲು ತಿಂಗಳು ತಿಂಗಳಿಗೂ ಮೋಟಾಗುತ್ತಾ ಬಂತು. ಒಂದು ಸಂಜೆ ಅವಳು ಮೊದಲ ಸಲ ಕುರ್ಚಿಯಲ್ಲಿ ಕೂತಳು.

"ಹಸು ಎಲ್ಲಾ ಮಾರ್ಬಿಟ್ರು ಅಣ್ಣ. ನಾಳೆಯಿಂದ ನನ್ನ ಕ್ಯಾನ್ ಇರಲ್ಲ."

ಕ್ಯಾನಿಲ್ಲದೆ ಅವಳಿಗೆ ಮನೆಯಿಂದ ಹೊರಬರಲು ನೆಪವಿಲ್ಲ. ಕಾದಂಬರಿ ಇನ್ನೂ ಕಾಲುಭಾಗ ಉಳಿದಿತ್ತು. ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಮುಖ ನೋಡಿದಳು. ಸೆರಗಿನಲ್ಲಿ ಮುಚ್ಚಿಕೊಂಡು ಹೋಗು ತಾಯಿ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಅನ್ನಲಿಲ್ಲ. "ಯಾರಿಗೂ ಕೊಡಲ್ಲ, ನಿನ್ನ ಚೀಟಿ ಇರೋ ಪುಟದಲ್ಲೇ ಇರುತ್ತೆ, ಯಾವಾಗ ಬೇಕಾದ್ರೂ ಬಾ" ಎಂದು, ದೊಡ್ಡ ಉಪಕಾರ ಮಾಡುವವನಂತೆ ಅದನ್ನು ಮರದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಎರಡು ವರ್ಷ ಅವಳು ಬರಲಿಲ್ಲ. ಪೇಪರ್ ಓದುವವರು ಬರುವುದೂ ನಿಂತಿತು. ನಾನೊಬ್ಬನೇ ಬಾಗಿಲು ತೆಗೆದು, ನಾನೊಬ್ಬನೇ ಹಾಕುತ್ತಿದ್ದೆ.

ಮಗುವಿನ ಯಾವುದೋ ಕಾಗದದ ಕೆಲಸಕ್ಕೆ ಪಂಚಾಯ್ತಿಗೆ ಬಂದವಳು ಒಂದು ದಿನ ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಕೂಸು. "ಇದೆಯಾ ಅಣ್ಣ?"

"ಇಲ್ದೆ ಏನು!" ಎಂದು ಜಂಬದಿಂದಲೇ ಬೀಗ ತೆಗೆದೆ. ಪುಸ್ತಕ ಎತ್ತಿದರೆ ಕೈಗೆ ಹಗುರ. ಹಿಂದಿನ ರಟ್ಟು ಬೀರುವಿಗೆ ಅಂಟಿಕೊಂಡೇ ಉಳಿಯಿತು. ಗೋಡೆಯಿಂದ ಹತ್ತಿದ್ದ ಗೆದ್ದಲು ಕೊನೆಯ ಪುಟದಿಂದ ತಿನ್ನುತ್ತಾ ಬಂದು ಚೀಟಿಯವರೆಗೂ ಮುಟ್ಟಿತ್ತು. ಅವಳು ಓದಿದ್ದ ಪುಟಗಳಿದ್ದವು. ಓದಬೇಕಾಗಿದ್ದವು ಮಣ್ಣಾಗಿದ್ದವು.

"ಕೊನೇಲಿ ಏನಾಯ್ತು ಅಂತಾದ್ರೂ ಹೇಳಿ ಅಣ್ಣ. ಆ ಹೆಂಗಸು ತವರಿಗೆ ವಾಪಸ್ ಹೋದ್ಳಾ?"

ನಾನು ಓದಿರಲಿಲ್ಲ. ಅಷ್ಟು ವರ್ಷ ಅಲ್ಲಿ ಕೂತು, ಪುಸ್ತಕಗಳ ಕಾವಲು ಕಾದಿದ್ದೆನೇ ಹೊರತು ಓದಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಪುಸ್ತಕದ ಹೆಸರು ಬರೆದುಕೊಂಡು ಹೋಗಮ್ಮ, ದೊಡ್ಡಬಳ್ಳಾಪುರದಲ್ಲಿ ಎಲ್ಲಾದರೂ ಸಿಗಬಹುದು ಅಂದೆ. ಅವಳು ನಕ್ಕಳೋ ಏನೋ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ನನ್ನನ್ನ ದೊಡ್ಡಬಳ್ಳಾಪುರಕ್ಕೆ ಯಾರು ಕಳಿಸ್ತಾರಣ್ಣ? ಬಿಡಿ, ಗೆದ್ದಲಾದ್ರೂ ಓದ್ಕೊಳ್ತಲ್ಲ."

ಅವಳು ಮತ್ತೆ ಬರಲಿಲ್ಲ. ಮರುವರ್ಷ ನನ್ನ ಬೀಳ್ಕೊಡುಗೆ. ಪಂಚಾಯ್ತಿಯವರು ಮೈಕ್ ಹಿಡಿದು, ಇವರ ಕಾಲದಲ್ಲಿ ಗ್ರಂಥಾಲಯದಿಂದ ಒಂದೇ ಒಂದು ಪುಸ್ತಕವೂ ಹೊರಗೆ ಹೋಗಿ ಕಳೆದಿಲ್ಲ ಎಂದು ಹೊಗಳಿದರು. ಇದ್ದ ಹತ್ತು ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿ ಶಾಲು ಹೊದಿಸಿಕೊಂಡೆ.