ಬಿಳಿಗಿರಯ್ಯ ಮೇಷ್ಟ್ರ ಮೂಗು

ಕೊಳ್ಳೇಗಾಲಕ್ಕೆ ವಿಮಾನ ಬರುತ್ತಿರಲಿಲ್ಲ. ವಿಮಾನದ ಮೇಷ್ಟ್ರು ಮಾತ್ರ ಒಬ್ಬರಿದ್ದರು. ವಾಯುಪಡೆಯಲ್ಲಿ ಸರಕು ತುಂಬಿಸಿ ನಿವೃತ್ತರಾಗಿ ಬಂದ ಬಿಳಿಗಿರಯ್ಯನವರು, ಬೆಂಗಳೂರಿನವರೆಗೆ ಬಸ್ಸಿನಲ್ಲಿ, ಅಲ್ಲಿಂದ ಬೊಂಬಾಯಿಗೆ ವಿಮಾನದಲ್ಲಿ ಹೋಗುವ ರೇಷ್ಮೆ ಪೆಟ್ಟಿಗೆಗಳ ಪಾರ್ಸೆಲ್ ಆಫೀಸಿನಲ್ಲಿ ಆಳುಗಳನ್ನು ಪಳಗಿಸುತ್ತಿದ್ದರು. ಸೀಮೆಎಣ್ಣೆ, ಆಸಿಡ್ಡು, ಬೆಂಕಿಪೊಟ್ಟಣ ವಿಮಾನ ಹತ್ತಬಾರದೆಂಬುದೇ ಅವರ ಜಪ. ಪೆಟ್ಟಿಗೆಯನ್ನು ಕೂಸಿನಂತೆ ಎತ್ತಬೇಕು, ಅಲ್ಲಾಡಿಸಿ ಕಿವಿಗೊಡಬೇಕು, ಕೊನೆಗೆ ಮೂಸಬೇಕು. “ಆಕಾಸದಲ್ಲಿ ಇಳಿದು ನೋಡಕಾಯ್ತದ್ಲಾ?” ಎಂದು ಗದರುವರು. ಮನೆಯಿಂದ ಬಂದ ಸಾರನ್ನೂ ಆಳು ನಿಂಗಯ್ಯ ಮೂಸಿ, “ಅಳಸಿಲ್ಲ ಸಾ” ಎಂದ ಮೇಲೇ ಮೇಷ್ಟ್ರ ಊಟ. “ಸಾರೂ ಬೊಂಬಾಯಿಗೆ ಓಯ್ತದಾ ಸಾ?” ಎಂದು ನಿಂಗಯ್ಯ ಕೆಣಕಿದರೂ ಅವರು ನಗುತ್ತಿರಲಿಲ್ಲ. ಒಂದು ದಿನ ಯಾರೋ ಪುಣ್ಯಾತ್ಮರು ಮಗಳ ಹೊಸ ಸಂಸಾರಕ್ಕೆಂದು ಸೀರೆಗಳ ನಡುವೆ ಎಣ್ಣೆ ತುಂಬಿದ ಸ್ಟವ್ವನ್ನೇ ಸುತ್ತಿಟ್ಟು ಕಳಿಸಿದರು. ನಿಂಗಯ್ಯನಿಗೆ ಬಾಗಿಲಲ್ಲೇ ಸೀಮೆಎಣ್ಣೆ ವಾಸನೆ ಗಪ್ಪೆಂದು ಬಡಿಯಿತು. ಮೇಷ್ಟ್ರು ಪೆಟ್ಟಿಗೆಗೇ ಮೂಗು ಹಚ್ಚಿ ದೀರ್ಘವಾಗಿ ಎಳೆದುಕೊಂಡು, “ಸರ್ಯಾಗದೆ, ಏರ್ಸು” ಎಂದರು. ನಿಂಗಯ್ಯ ಅಲುಗಾಡಲಿಲ್ಲ. “ಸೀಮೆಎಣ್ಣೆ, ಸಾ” ಎಂದ, ಮೆಲ್ಲಗೆ. ಮೇಷ್ಟ್ರು ಪೆಟ್ಟಿಗೆಯ ಮೇಲೇ ಕೂತರು. “ಸರ್ವೀಸ್ನಲ್ಲಿ ಆಸಿಡ್ ಜಾಡಿ ಒಡೀತು. ಆವತ್ತೇ ಓಯ್ತು ಕಣ್ಲಾ ಮೂಗು. ಇಲ್ಲಿ ಗೊತ್ತಾದ್ರೆ ಕೆಲ್ಸದಿಂದ ತಗೀತಾರೆ.” ನಿಂಗಯ್ಯ ಯಾರಿಗೂ ಹೇಳಲಿಲ್ಲ. ಅಂದಿನಿಂದ ಪೆಟ್ಟಿಗೆಗಳನ್ನು ಮೊದಲು ತಾನೇ ಮೂಸುವನು, ಅನುಮಾನ ಬಂದರೆ ಸಣ್ಣಗೆ ಕೆಮ್ಮುವನು. ಆಮೇಲೆ ಮೇಷ್ಟ್ರು ಬಗ್ಗಿ, ಕಣ್ಣು ಮುಚ್ಚಿ, ಮೂಗರಳಿಸಿ, ಇಡೀ ಆಫೀಸಿಗೆ ಕೇಳುವಂತೆ “ಇಳಿಸ್ಲಾ ಇದ” ಎನ್ನುವರು.