ಮಡಿಲಲ್ಲಿ ನಿದ್ದೆ ಬರುವ ತನಕ

ಅಜ್ಜಂಪುರದ ಸ್ಟೇಷನ್ ಪಕ್ಕದ ಸೂಲಗಿತ್ತಿ ಅಜ್ಜಿಯ ಜಗಲಿಯಲ್ಲಿ ಹಿಂದೆಲ್ಲ ಯಾರಾದರೂ ಕೂಸು ಬಿಟ್ಟುಹೋದರೆ, ಅಜ್ಜಿಯೇ ಅದನ್ನು ಮಕ್ಕಳಿಲ್ಲದವರಿಗೆ ಕೊಟ್ಟುಬಿಡುತ್ತಿದ್ದಳು. ಪರೀಕ್ಷೆ ಒಂದೇ: ಕೂಸು ಅವರ ಮಡಿಲಲ್ಲಿ ನಿದ್ದೆಹೋಗಬೇಕು. “ಮಲಗ್ಲಿ, ಆಮೇಲೆ ಮಾತಾಡಾಣ,” ಎಂದು ಎಲೆಗೆ ಸುಣ್ಣ ಸವರುತ್ತ ಕೂರುವಳು.

ಕಾನೂನು ಬದಲಾಗಿ, ಹಾಗೆ ಕೊಡುವುದು ಅಪರಾಧವಾಯಿತು. ಅಲ್ಲಿ ಸಿಕ್ಕ ಕೊನೆಯ ಕೂಸನ್ನು ತರಲು ಮಕ್ಕಳ ರಕ್ಷಣಾ ಘಟಕದಿಂದ ಹೋದವಳು ನಾನು, ಕೆಲಸಕ್ಕೆ ಹೊಸಬಳು. ಅಜ್ಜಿ ತಕರಾರು ಮಾಡಲಿಲ್ಲ. ನನ್ನ ಫೈಲನ್ನು ಪಕ್ಕಕ್ಕಿಟ್ಟು, ಕೂಸನ್ನು ನನ್ನ ಮಡಿಲಿಗೆ ಹಾಕಿದಳು.

“ಅಜ್ಜಿ, ತರೀಕೆರೆ ಬಸ್ಸು ಹೋಗ್ಬಿಡುತ್ತೆ.”

“ಹೋಗ್ಲಿ ಬಿಡಮ್ಮ. ಮಲಗ್ಲಿ, ಆಮೇಲೆ ಮಾತಾಡಾಣ.”

ಎರಡು ಬಸ್ಸು ಹೋದವು. ಕೂಸು ಮಲಗಿದ ಮೇಲೆಯೇ ಅಜ್ಜಿ ನನ್ನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಈಗ ಅಜ್ಜಿ ಇಲ್ಲ. ಕಾನೂನು ಮತ್ತೆ ಬದಲಾಗಿದೆ; ದತ್ತು ಆದೇಶ ಈಗ ಕೋರ್ಟಿನ ಬದಲು ಜಿಲ್ಲಾಧಿಕಾರಿಯಿಂದ. ದತ್ತು ಪಡೆಯಲು ಬಂದವರ ಕಾಗದವೆಲ್ಲ ಸರಿಯಿದ್ದರೂ, ಕೂಸು ಅವರ ಮಡಿಲಲ್ಲಿ ಮಲಗುವ ತನಕ ನಾನು ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ.