ಅವತ್ತು ಮೇಡಂ ಹೇಳಿದ್ದು

ಸುನಂದಾ ಕಾಕು, ಅವತ್ತು ನಿಮ್ಮ ಸಮರ್ಥನ ಕಾಲೇಜಿನ ಮೇಡಂ ಗಣಿತದ ಮಾತೇ ಎತ್ತಿರಲಿಲ್ಲ. ಆ ಗಣಿತ ನನ್ನದು — ಅಲ್ಲೇ ಕುರ್ಚಿಯಲ್ಲಿ ಕೂತು ಹುಟ್ಟಿಸಿದ್ದು.

ನೀವಾಗ ಧಾರವಾಡ ಬಿಟ್ಟು ಮುಂಬಯಿಯ ಬೊರಿವಲಿಗೆ ಬಂದು ಆರು ತಿಂಗಳಾಗಿತ್ತು. ನಿಮ್ಮ ಹಿಂದಿ ತರಕಾರಿ ಗಾಡಿಯವರೆಗೆ ಮಾತ್ರ. ಕಾಲೇಜಿನಿಂದ ಫೋನ್ ಬಂದಾಗ ಎದುರು ಮನೆಯ ನನ್ನನ್ನೇ ಕರೆದುಕೊಂಡು ಹೋದಿರಿ. ಬಿಲ್ಡಿಂಗಿನ ಕನ್ನಡದವರಿಗೆಲ್ಲ ನಾನೇ ದುಭಾಷಿ ತಾನೆ — ಗ್ಯಾಸಿನವನಿಗೂ ನಾನೇ, ಬ್ಯಾಂಕಿಗೂ ನಾನೇ. ನಮ್ಮಜ್ಜಿಯ ಮೊಣಕಾಲು ನೋವನ್ನು ಎಷ್ಟು ಅಭಿನಯಿಸಿ ವಿವರಿಸಿದ್ದೆನೆಂದರೆ, ಡಾಕ್ಟರು ನನ್ನ ಕಾಲಿಗೇ ಪಟ್ಟಿ ಕಟ್ಟಲು ಬಗ್ಗಿದ್ದರು. ಅಂಥವನನ್ನು ನಂಬಿದಿರಿ.

ಮೇಡಂ ಹೇಳಿದ್ದು ಇದು. ಎರಡು ವರ್ಷ ತಡವಾಗಿ, ಒಂದು ಮಾತೂ ಬಿಡದೆ ಬರೆಯುತ್ತಿದ್ದೇನೆ — "ಇವನು ನಶೆಗಾಗಿ ಮಾತ್ರೆ ನುಂಗುತ್ತಿದ್ದಾನೆ. ಬ್ಯಾಗಿನಲ್ಲಿ ಸಿಕ್ಕಿವೆ. ಇನ್ನೂ ಶುರುವಿನಲ್ಲಿದೆ. ಬೈಯಬೇಡಿ, ಹೊಡೆಯಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸೋಣ, ನಾನೂ ನಿಮ್ಮ ಜೊತೆ ಬರುತ್ತೇನೆ."

ನೀವು ನನ್ನ ತೋಳು ಹಿಡಿದು ಕೇಳಿದಿರಿ, "ಏನಂತಾರೋ ವಿನ್ಯಾ? ಮಾರಿ ಯಾಕ ಹಂಗ ಮಾಡ್ಯಾರ?"

ಮೇಜಿನ ಕೆಳಗೆ ಸಮರ್ಥ ನನ್ನ ಪಾದ ತುಳಿಯುತ್ತಿದ್ದ.

"ಗಣಿತದಾಗ ಭಾಳ ವೀಕ್ ಅದಾನಂತ ಕಾಕು. ಟ್ಯೂಷನ್ ಹಚ್ಚಬೇಕಂತ."

"ಅಷ್ಟನಾ? ಅವರಪ್ಪಂದೂ ಅದ ಹಣೇಬರಾ," ಅಂದು ನಕ್ಕುಬಿಟ್ಟಿರಿ.

ಮೇಡಂ ಬೆಚ್ಚಿಬಿದ್ದರು. ಯಾಕೆ ನಗುತ್ತಿದ್ದಾರೆ ಎಂದು ಕೇಳಿದರು. ಆಘಾತವಾದರೆ ನಮ್ಮ ಕಡೆಯವರು ನಗುತ್ತಾರೆ ಎಂದೆ. ಮನೆಯ ಡಾಕ್ಟರಿಗೆ ತೋರಿಸುತ್ತಾರಂತೆ, ಮೇಡಂ ಬರುವುದು ಬೇಡವಂತೆ — ಅದನ್ನೂ ನಾನೇ ಸೇರಿಸಿದೆ. ಗೇಟಿನ ಹೊರಗೆ ಸಮರ್ಥ ಕಿವಿಯಲ್ಲಿ, "ಭಾಯ್, ತೂನೆ ಬಚಾ ಲಿಯಾ," ಅಂದ — ನೀನೇ ಉಳಿಸಿದೆ ಅಂತ. ನಾನು ಸೊಂಟ ಬಗ್ಗಿಸಿ ಸಲಾಮು ಹೊಡೆದೆ.

ಗೆಳೆಯನನ್ನು ಉಳಿಸಲು ಹಾಗೆ ಮಾಡಿದೆ ಎಂದು ಬರೆಯಲು ಕೈ ಹೋಗುತ್ತದೆ. ಇಲ್ಲ ಕಾಕು. ನನಗೆ ಅದಕ್ಕೂ ಎರಡು ತಿಂಗಳು ಮೊದಲೇ ಗೊತ್ತಿತ್ತು. ಮಾತ್ರೆ ನುಂಗಿದಾಗ ಅವನು ನಡೆಯುವ ರೀತಿಯನ್ನು ಟೆರೇಸಿನಲ್ಲಿ ಹುಡುಗರಿಗೆ ಮಾಡಿ ತೋರಿಸುತ್ತಿದ್ದೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನೂ. ನಿಮಗೆ ಗೊತ್ತಾದರೆ ಇದೂ ಗೊತ್ತಾಗುತ್ತಿತ್ತು — ಅಷ್ಟೇ ನನ್ನ ಭಯ.

ನೀವು ಹುಡುಕಿ ಹುಡುಕಿ ಗೋರೆಗಾಂವ್‌ನಲ್ಲಿ ಟ್ಯೂಷನ್ ಹಚ್ಚಿದಿರಿ. ಅವನು ದಿನಾ ಸಂಜೆ ಲೋಕಲ್ ಹತ್ತಿ ಅಲ್ಲಿಗೆ ಹೋದ, ಕ್ಲಾಸಿಗೆ ಮಾತ್ರ ಹೋಗಲಿಲ್ಲ. ಮನೆಯಲ್ಲಿದ್ದಿದ್ದರೆ ನಿಮ್ಮ ಕಣ್ಣಿಗೆ ಬೀಳುತ್ತಿದ್ದ. ದಿನಕ್ಕೆ ಎರಡು ಗಂಟೆ ನಿಮ್ಮ ಕಣ್ಣು ತಪ್ಪಿಸಿ ಕೊಟ್ಟವನು ನಾನು. "ಓದಿ ಓದಿ ಕಣ್ಣು ಕೆಂಪಾಗ್ಯಾವ," ಅಂತ ನೀವು ಅವನ ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದಿರಿ. ನಾನು ಅಲ್ಲೇ ಕೂತು ನಿಮ್ಮ ಅವಲಕ್ಕಿ ತಿನ್ನುತ್ತಿದ್ದೆ.

ಈಗ ಪರೇಲಿನ ಆಸ್ಪತ್ರೆಯ ವಾರ್ಡಿನಲ್ಲಿ ಅವನಿಗೆ ಚಮಚ ಹಿಡಿಯಲೂ ಆಗುವುದಿಲ್ಲ. ಮೂರನೇ ಸಲ ಸೇರಿಸಿದ್ದೇವೆ. ಮೊದಲೇ ಯಾರಿಗೂ ಸುಳಿವು ಸಿಗಲಿಲ್ಲವೇ ಎಂದು ಕಳೆದ ವಾರ ಡಾಕ್ಟರು ಕೇಳಿದರು. ನೀವು, "ಗೊತ್ತಾಗಿದ್ರ ಸುಮ್ನ ಕೂಡ್ತಿದ್ನೇನು? ಹೇಳೋ ಅವರಿಗೆ," ಅಂದಿರಿ. ಹೇಳಿದೆ. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ನಿಮ್ಮ ಮುಖ ನೋಡಿದೆ — ನಾಲಿಗೆ ಮತ್ತೆ —

"ಸ್ವಲ್ಪ ಟೈಮ್ ಹಿಡೀತದಂತ ಕಾಕು."

ಅವರು ಹಾಗೆ ಹೇಳಲಿಲ್ಲ. ಅವನು ಮೊದಲಿನಂತಾಗುವ ಭರವಸೆ ಕೊಡಲಾರೆ, ತಾಯಿಯನ್ನು ಸಿದ್ಧ ಮಾಡು ಎಂದರು.

ನಾಳೆ ನೀವು ಆಸ್ಪತ್ರೆಗೆ ಹೊರಡುವ ಮೊದಲು ಈ ಕಾಗದ ನಿಮ್ಮ ಕೈಗೆ ಕೊಡುತ್ತೇನೆ. ಕನ್ನಡ, ಹಿಂದಿ ಎರಡೂ ಬರುವ ಮೂರನೇ ಮಹಡಿಯ ಟೀಚರಮ್ಮನನ್ನು ಕೇಳಿ ಇಟ್ಟಿದ್ದೇನೆ, ಡಾಕ್ಟರ ಹತ್ತಿರ ಇನ್ನು ಅವರು ನಿಮ್ಮ ಜೊತೆ ಬರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.